ಗುಲಾಬಿ ಮಾತ್ರೆ ಬಂದ ವಾರ

ನಾನು ಒಂದು ಮಾತ್ರೆ ಡಬ್ಬಿ. ತಿಳಿನೀಲಿ ಪ್ಲಾಸ್ಟಿಕ್ಕಿನದು. ಉದ್ದಕ್ಕೆ ಏಳು ಮನೆ, ಮನೆಗೊಂದು ಮುಚ್ಚಳ. ಹುಟ್ಟಿದ ಊರು ಯಾವುದೆಂದು ಹೇಳಲಾರೆ. ಬಿಸಿ ಅಚ್ಚೊಂದು ಬಾಯಿ ತೆರೆದು ನನ್ನನ್ನು ಉಗುಳಿತು. ಒಬ್ಬ ಹೆಂಗಸು ಚಾಕುವಿನಿಂದ ನನ್ನ ಅಂಚು ಹೆರೆದು, ಏಳೂ ಮುಚ್ಚಳಗಳನ್ನು ಟಕ್ ಟಕ್ ಎಂದು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ನಂಬದ ಕಣ್ಣುಗಳನ್ನು ನಾನು ಮೊದಲು ಕಂಡದ್ದು ಅಲ್ಲೇ. ನನ್ನ ಬಾಳೆಲ್ಲ ಅಂಥ ಕಣ್ಣುಗಳ ಕೆಳಗೇ ಕಳೆಯುವುದಿದೆ ಎಂದು ಆಗ ಗೊತ್ತಿರಲಿಲ್ಲ.

ಬ್ಯಾಡಗಿಯ ಔಷಧದಂಗಡಿಯಲ್ಲಿ ನನ್ನನ್ನು ಕೊಂಡವರು ನಿವೃತ್ತ ಪೋಸ್ಟ್‌ಮನ್ ಚನ್ನಬಸಪ್ಪನವರು. ಬಿ.ಪಿ., ಸಕ್ಕರೆ ಎರಡೂ ಇದ್ದ ಮನುಷ್ಯ. ನನ್ನ ಮುಚ್ಚಳಗಳ ಮೇಲೆ ಸೋ, ಮಂ, ಬು ಎಂದು ಅಳಿಯದ ಶಾಯಿಯಲ್ಲಿ ಬರೆದರು. ಅವರದು ನಿಶ್ಚಿಂತೆಯ ಕೈ. ತೆಗೆದರು, ನುಂಗಿದರು, ಮುಚ್ಚಿದರು. ಮೂರು ವರ್ಷದ ಮೇಲೆ ಒಂದು ಗುರುವಾರ ಅವರು ತೀರಿಕೊಂಡಾಗ ನನ್ನೊಳಗೆ ಶುಕ್ರ, ಶನಿ, ರವಿಯ ಮಾತ್ರೆಗಳು ಹಾಗೇ ಉಳಿದಿದ್ದವು.

ಅವರ ಹೆಂಡತಿ ಗುರುಶಾಂತವ್ವ ನನ್ನನ್ನು ಸಾಬೂನು ಹಚ್ಚಿ ತೊಳೆದು ಕಪಾಟಿನಲ್ಲಿಟ್ಟಳು. ವರ್ಷ ಕಳೆದು ಹೊರಬಂದದ್ದು ಸೊಸೆ ದಾಕ್ಷಾಯಣಿಗಾಗಿ.

"ಮಾವಾರ ಡಬ್ಬಿ ನನಗ್ಯಾಕ?" ಎಂದು ಅವಳು ಮುಖ ತಿರುಗಿಸಿದಳು. ಸತ್ತವರ ಸಾಮಾನು ಎಂದು ನನ್ನನ್ನು ಮುಟ್ಟಲು ಎರಡು ದಿನ ತೆಗೆದುಕೊಂಡಳು.

ದಾಕ್ಷಾಯಣಿಗೆ ಮೂವತ್ತೆಂಟು ವರ್ಷ. ಮನೆಯ ಮುಂಭಾಗದಲ್ಲೇ ಅವರ ಖಾರದ ಗಿರಣಿ. ಗಂಡ ಫಕ್ಕೀರೇಶ ಯಂತ್ರ ನೋಡಿಕೊಂಡರೆ ಗಿರಾಕಿಗಳನ್ನು ನೋಡಿಕೊಳ್ಳುವವಳು ಅವಳು. ಮೆಣಸಿನಕಾಯಿಯನ್ನು ಮೂಗಿನ ಹತ್ತಿರ ಹಿಡಿದು, "ಇದು ಹೋದ ವರ್ಷದ್ದು, ಮನಿಗೆ ಒಯ್ಯಿ" ಎಂದು ಮುಖದ ಮೇಲೇ ಹೇಳುತ್ತಿದ್ದವಳು. ತವರಿನಲ್ಲಿ ತಾಯಿ ಸತ್ತ ಮೇಲೆ ಐದು ತಿಂಗಳು ಅವಳು ಗಿರಣಿಗೆ ಬರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ತಲೆ ಬಾಚಿಕೊಳ್ಳುವುದೂ ಬೇಡವಾಯಿತು. ಫಕ್ಕೀರೇಶ ಹಾವೇರಿಗೆ ಕರೆದೊಯ್ದು ಮನೋವೈದ್ಯೆ ಡಾಕ್ಟರ್ ಇನಾಮದಾರ ಅವರಿಗೆ ತೋರಿಸಿದ. ದಿನಕ್ಕೊಂದು ಬಿಳಿ ಮಾತ್ರೆ ಬರೆದುಕೊಟ್ಟರು.

ಮಾತ್ರೆ ತುಂಬುವ ಕೆಲಸ ನಾದಿನಿ ವಿಶಾಲಾಳಿಗೆ ಬಂತು. ಅವಳು ಅಂಗನವಾಡಿ ಟೀಚರ್, ಇನ್ನೂ ಮದುವೆಯಾಗಿರಲಿಲ್ಲ, ಲೆಕ್ಕ ತಪ್ಪದ ಹುಡುಗಿ. ಪ್ರತಿ ರವಿವಾರ ಮುಂಜಾನೆ ಏಳೂ ಮನೆ ತುಂಬುತ್ತಿದ್ದಳು. ಮೂರು ವಾರ ಕಳೆದ ಮೇಲೆ ಒಂದು ದಿನ ದಾಕ್ಷಾಯಣಿ ತಾನಾಗಿ ಎದ್ದು ಬಂದು, "ಚಾ ಐತೇನು?" ಅಂದಳು. ಗುರುಶಾಂತವ್ವ ಆ ಒಂದು ಮಾತನ್ನು ಓಣಿಯ ಮೂರು ಮನೆಗೆ ಹೇಳಿ ಬಂದಳು.

ಐದನೆಯ ರವಿವಾರ ವಿಶಾಲಾ ನನ್ನೊಳಗೆ ಗುಲಾಬಿ ಬಣ್ಣದ ಮಾತ್ರೆ ಹಾಕಿದಳು.

ದಾಕ್ಷಾಯಣಿ ಸೋಮವಾರದ ಮುಚ್ಚಳ ತೆಗೆದು ಹಾಗೇ ನಿಂತಳು. "ಬಣ್ಣ ಯಾಕ ಬ್ಯಾರೆ ಐತಿ?"

"ಕಂಪನಿ ಬ್ಯಾರೆ, ವೈನಿ. ಔಷಧ ಅದ ಐತಿ" ಅಂದಳು ವಿಶಾಲಾ. ಅನ್ನುವಾಗ ಅವಳ ಕಣ್ಣು ನೆಲದ ಮೇಲಿತ್ತು. ಈ ಹುಡುಗಿ ಏನೋ ಮುಚ್ಚಿಡುತ್ತಿದ್ದಾಳೆ ಅಂದುಕೊಂಡೆ.

ಮೂರು ದಿನ ಏನೂ ಆಗಲಿಲ್ಲ. ಗುರುವಾರ ದಾಕ್ಷಾಯಣಿಗೆ ಕುಂತಲ್ಲಿ ಕೂರಲಾಗಲಿಲ್ಲ. ಅಡಿಗೆಮನೆಯಿಂದ ಗಿರಣಿಗೆ, ಗಿರಣಿಯಿಂದ ಹಿತ್ತಲಿಗೆ, ಮತ್ತೆ ಅಡಿಗೆಮನೆಗೆ. ಊಟಕ್ಕೆ ಕೂತರೆ ಮಡಚಿದ ಕಾಲು ತಾನೇ ಅಲುಗುತ್ತಿತ್ತು. "ಚರ್ಮದ ಒಳಗ ಖಾರ ಉಗ್ಗಿದಂಗ ಆಗಾಕತ್ತೈತಿ" ಅಂದಳು. ನಿದ್ದೆ ಹೋಯಿತು. ಅಳು ಹೋಗಿ ಸಿಟ್ಟು ಬಂತು. ಹತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಯೊಬ್ಬ ಪುಡಿ ದಪ್ಪಾಯ್ತು ಅಂದದ್ದಕ್ಕೆ ಅವನ ಡಬ್ಬವನ್ನೇ ರಸ್ತೆಗೆ ಎಸೆದಳು. ಕೆಂಪು ಪುಡಿ ಹಾರಿ ಇಡೀ ಓಣಿ ಸೀನಿತು.

"ಜಡ್ಡ ಜಾಸ್ತಿ ಆಗೈತಿ" ಅಂದ ಫಕ್ಕೀರೇಶ.

"ಜಡ್ಡಲ್ಲ. ಮಾತ್ರೆ. ಮಾತ್ರೆನ ಹಿಂಗ ಮಾಡಾಕತ್ತೈತಿ."

"ಮಾತ್ರೆ ಜಡ್ಡ ಕಡಿಮಿ ಮಾಡತೈತಿ, ಜಾಸ್ತಿ ಮಾಡತೈತೇನು? ಸುಮ್ನ ನುಂಗು."

ಅಂದಿನಿಂದ ಮನೆಯಲ್ಲಿ ಒಬ್ಬರ ಕಣ್ಣು ಇನ್ನೊಬ್ಬರ ಕೈ ಮೇಲೆ. ಅವಳು ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಉಗುಳುತ್ತಾಳೆಂದು ಅವರಿಗೆ ಗುಮಾನಿ. ತನಗೆ ಏನೋ ಬೇರೆಯದನ್ನೇ ಕೊಡುತ್ತಿದ್ದಾರೆಂದು ಅವಳಿಗೆ ಗುಮಾನಿ. ವಿಶಾಲಾ ಕೊಟ್ಟ ಚಹಾವನ್ನು ಮೂಸಿ ಕುಡಿದಳು. ಅತ್ತೆ ಬಡಿಸಿದ ಪಲ್ಯವನ್ನು ಅತ್ತೆ ಉಂಡ ಮೇಲೆ ಉಂಡಳು. ಒಂದು ಮಧ್ಯಾಹ್ನ ತನ್ನ ತಲೆಯ ಉದ್ದ ಕೂದಲೊಂದನ್ನು ಕಿತ್ತು, ನನ್ನ ಏಳು ಮುಚ್ಚಳಗಳ ಮೇಲೆ ಉದ್ದಕ್ಕೆ ಹಾಸಿ, ಎರಡೂ ತುದಿಗೆ ಚೂರು ಹಿಟ್ಟು ಮೆತ್ತಿ ಹೋದಳು. ಯಾರಾದರೂ ಮುಟ್ಟಿದರೆ ತಿಳಿಯಬೇಕಲ್ಲ.

ವಿಶಾಲಾ ಅಂಗನವಾಡಿಯಿಂದ ಬಂದವಳೇ ನನ್ನನ್ನು ತೆಗೆದಳು. ಕೂದಲು ಹರಿಯಿತು, ಅವಳಿಗೆ ಕಾಣಲಿಲ್ಲ. ಮಾತ್ರೆ ಎಣಿಸಿ ಮುಚ್ಚಿಟ್ಟಳು.

ಸ್ವಲ್ಪ ಹೊತ್ತಿಗೆ ದಾಕ್ಷಾಯಣಿ ನನ್ನನ್ನು ಮುಷ್ಟಿಯಲ್ಲಿ ಹಿಡಿದು ಪಡಸಾಲೆಗೆ ಬಂದಳು. ನನ್ನೊಳಗಿನ ಮಾತ್ರೆಗಳು ಗಲಗಲ ಅನ್ನುತ್ತಿದ್ದವು.

"ಯಾರು ಮುಟ್ಟಿದ್ರಿ ಇದನ್ನ?"

"ನಾನ ವೈನಿ. ಎಣಿಸಿದೆ ಅಷ್ಟ. ನೀವು ನುಂಗತೀರೋ ಇಲ್ಲೋ ಅಂತ."

"ಎಣಿಸಿದಿ? ಏನ ಹಾಕಿದಿ ಅದರಾಗ? ಖರೇ ಹೇಳು, ಏನ ಹಾಕಿದಿ?"

ಫಕ್ಕೀರೇಶ ಗಿರಣಿ ನಿಲ್ಲಿಸಿ ಓಡಿಬಂದ. "ನೋಡ್ರಿ, ಇದ ನಾ ಹೇಳಿದ್ದು, ತಲಿ ಪೂರಾ..." ಎಂದು ಬಾಯಿ ತೆಗೆದವನನ್ನು ಗುರುಶಾಂತವ್ವ ಕೈ ಎತ್ತಿ ತಡೆದಳು. ಓದು ಬರಹ ಬಾರದ ಹೆಂಗಸು, ಆದರೆ ಗಂಡನ ಸಕ್ಕರೆ ಕಾಯಿಲೆಯನ್ನು ಹನ್ನೆರಡು ವರ್ಷ ಕಾದವಳು.

"ಈ ಚಡಪಡಿಕಿ ಎಂದ ಸುರು ಆತವ್ವಾ?" ಎಂದು ಸೊಸೆಯನ್ನೇ ಕೇಳಿದಳು.

ಇಷ್ಟು ದಿನದಲ್ಲಿ ಅದನ್ನು ಕೇಳಿದವರು ಅವಳೊಬ್ಬಳೇ. ದಾಕ್ಷಾಯಣಿ ತಡವರಿಸಿದಳು. "ಗುರುವಾರ. ಗುಲಾಬಿ ಮಾತ್ರಿ ಬಂದ ಮೂರು ದಿನಕ್ಕ."

"ಅದಕಿಂತ ಮೊದಲು?"

"ಇರಲಿಲ್ರೀ. ದುಃಖ ಇತ್ತು. ಇದು ಇರಲಿಲ್ಲ."

ವಿಶಾಲಾ ಅಳತೊಡಗಿದಳು. "ಅಣ್ಣಾ, ನೀನ ಹೇಳು. ಇಲ್ಲಾಂದ್ರ ನಾ ಹೇಳತೀನಿ."

ಆಗ ವಿಷಯ ಹೊರಬಿತ್ತು. ಫಕ್ಕೀರೇಶ ಒಬ್ಬನೇ ಹಾವೇರಿಗೆ ಹೋಗಿ, ಇನ್ನೂ ಬಹಳ ಹೊತ್ತು ಮಲಗೇ ಇರುತ್ತಾಳೆ ಎಂದು ಡಾಕ್ಟರಿಗೆ ಹೇಳಿದ್ದ. ಅವರು ಔಷಧದ ಪ್ರಮಾಣ ಎರಡರಷ್ಟು ಮಾಡಿದ್ದರು; ಗುಲಾಬಿ ಮಾತ್ರೆ ಅದೇ. ಹೆಂಡತಿಗೆ ತಿಳಿದರೆ ಹೆದರುತ್ತಾಳೆ ಎಂದು ಅವನು ಮುಚ್ಚಿಟ್ಟು, ಕಂಪನಿ ಬೇರೆ ಅನ್ನು ಎಂದು ತಂಗಿಗೂ ಹೇಳಿಕೊಟ್ಟಿದ್ದ.

ಆ ವಾರವೆಲ್ಲ ವಿಶಾಲಾಳನ್ನು ನಾನೂ ಕಳ್ಳಿಯೆಂದೇ ತಿಳಿದಿದ್ದೆ. ಅವಳು ಹೇಳಿದ್ದು ಸುಳ್ಳೇ. ಆದರೆ ನನ್ನೊಳಗೆ ಬರೆದುಕೊಟ್ಟದ್ದನ್ನು ಬಿಟ್ಟು ಬೇರೇನನ್ನೂ ಅವಳು ಹಾಕಿರಲಿಲ್ಲ.

"ಅಂದ್ರ ನನಗ ಹುಚ್ಚಲ್ಲ" ಅಂದಳು ದಾಕ್ಷಾಯಣಿ, ಬಹಳ ಮೆಲ್ಲಗೆ. ಫಕ್ಕೀರೇಶ ಗೋಡೆಗೆ ಆತು ಕೂತುಬಿಟ್ಟ.

ಅವಳು ನನ್ನನ್ನು ಮೋರಿಗೆ ಬಗ್ಗಿಸಲು ಹೊರಟಳು. ಅತ್ತೆ ಮಣಿಕಟ್ಟು ಹಿಡಿದಳು. "ಡಾಕ್ಟರನ್ನ ಕೇಳೂಣು. ನಮ್ಮಷ್ಟಕ್ಕ ಹಾಕೂದೂ ಬ್ಯಾಡ, ಬಿಡೂದೂ ಬ್ಯಾಡ." ಆಸ್ಪತ್ರೆಗೆ ಫೋನ್ ಮಾಡಿದರೆ, ಮುಂದಿನ ತಿಂಗಳು ತಾರೀಕು ಕೊಟ್ಟಿದೆ, ಆಗಲೇ ಬನ್ನಿ ಎಂದರು. ವಿಶಾಲಾ ಅಣ್ಣನ ಕೈಯಿಂದ ಫೋನು ಕಿತ್ತುಕೊಂಡಳು. "ಇವತ್ತ ಬರತೀವಿ. ಒಳಗ ಬಿಡೂತನಕ ಬಾಗಲದಾಗ ಕುಂದರತೀವಿ."

ಹಾವೇರಿಗೆ ನಾನೂ ಹೋದೆ, ದಾಕ್ಷಾಯಣಿಯ ಚೀಲದಲ್ಲಿ, ಸಾಕ್ಷಿಯ ಹಾಗೆ. ಡಾಕ್ಟರ್ ಇನಾಮದಾರ ಕನ್ನಡಕ ತೆಗೆದಿಟ್ಟು ಎಲ್ಲ ಕೇಳಿದರು. ಕಾಲು ಅಲುಗುವುದನ್ನು ನೋಡಿದರು. ನಂತರ, "ಏನಾದರೂ ಹೆದರಿಕಿ ವಿಚಾರ ಬರತಾವೇನ್ರಿ?" ಎಂದು ಕೇಳಿದರು.

ದಾಕ್ಷಾಯಣಿ ಅತ್ತಿತ್ತ ನೋಡಿದಳು. ಗಂಡ ಒಂದು ಪಕ್ಕ, ನಾದಿನಿ ಒಂದು ಪಕ್ಕ.

"ನಿನ್ನೆ ಗಿರಣಿ ಬೆಲ್ಟ್ ತಿರುಗೂದು ನೋಡಕೋತ ನಿಂತಿದ್ದೆ" ಅಂದಳು ದಾಕ್ಷಾಯಣಿ. "ಅದರಾಗ ಕೈ ಕೊಟ್ರ ಈ ಉರಿ ನಿಲ್ಲತೈತೇನೋ ಅನಿಸ್ತು. ನಾನ ಹೆದರಿ ಹೊರಗ ಓಡಿದೆ. ಯಾರಿಗೂ ಹೇಳಿಲ್ಲ."

ವಿಶಾಲಾ ಅವಳ ಕೈ ಹಿಡಿದಳು. ದಾಕ್ಷಾಯಣಿ ಬಿಡಿಸಿಕೊಳ್ಳಲಿಲ್ಲ.

"ಹೇಳಿದ್ದು ಬಹಳ ಛಲೋ ಆತು" ಅಂದರು ಡಾಕ್ಟರು. "ಇದು ನಿಮ್ಮ ಕಲ್ಪನಾ ಅಲ್ಲ. ಪ್ರಮಾಣ ಏರಿಸಿದಾಗ ಕೆಲವರಿಗೆ ಹಿಂಗ ಆಗತೈತಿ. ನಿಮ್ಮನ್ನ ನೋಡದ ಏರಿಸಿದ್ದು ನನ್ನ ತಪ್ಪು." ಮಾತ್ರೆ ಹೇಗೆ ಇಳಿಸಬೇಕು, ಯಾವುದಕ್ಕೆ ಬದಲಿಸಬೇಕು ಎಂದು ಅವಳಿಗೇ ವಿವರಿಸಿ ಬರೆದರು. ಉರಿ ನಿಲ್ಲುವ ತನಕ ಗಿರಣಿಯ ಹತ್ತಿರ ಅವಳನ್ನು ಒಬ್ಬಳೇ ಬಿಡಬೇಡಿ ಎಂದು ಫಕ್ಕೀರೇಶನಿಗೆ ಹೇಳಿದರು.

"ಹೊಸಾದೂ ಹಿಂಗ ಮಾಡಿದ್ರ?" ಅವಳ ದನಿಯಲ್ಲಿ ಗುಮಾನಿ ಹಾಗೇ ಇತ್ತು.

"ಮಾಡಬಹುದು. ಮಾಡಿದ್ರ ಅವತ್ತ ಫೋನ್ ಮಾಡ್ರಿ. ಇದು ನನ್ನ ಸ್ವಂತ ನಂಬರ್."

ವಾಪಸು ಬಸ್ಸಿನಲ್ಲಿ ದಾಕ್ಷಾಯಣಿ, "ಮಾಡೂದಿಲ್ಲ ಅಂದಿದ್ರ ನಾ ಅವರನ್ನ ನಂಬತಿರಲಿಲ್ಲ" ಅಂದಳು.

ಉರಿ ಒಮ್ಮೆಲೇ ಹೋಗಲಿಲ್ಲ. ಹತ್ತು ಹನ್ನೆರಡು ದಿನ ಹಿಡಿಯಿತು. ಗುರುಶಾಂತವ್ವ ಸೊಸೆಯ ಜೊತೆ ಹಿತ್ತಲಲ್ಲಿ ತಾನೂ ಅಡ್ಡಾಡಿದಳು, ಮಂಡಿ ನೋವಿದ್ದರೂ. ಹೊಸ ಮಾತ್ರೆ ಬಾಯಿ ಒಣಗಿಸಿತು, ಅದನ್ನೂ ದಾಕ್ಷಾಯಣಿ ಫೋನ್ ಮಾಡಿ ಹೇಳಿದಳು. ಎರಡು ತಿಂಗಳಿಗೆ ಗಿರಣಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಡಬ್ಬ ಎಸೆಯಿಸಿಕೊಂಡ ಗಿರಾಕಿ ಮಾತ್ರ ಇವತ್ತಿಗೂ ಬಂದಿಲ್ಲ.

ನನಗೆ ವಯಸ್ಸಾಯಿತು. ಬುಧವಾರದ ಮುಚ್ಚಳ ಮುರಿಯಿತು, ಶನಿವಾರದ್ದು ಸಡಿಲ. ಮೊನ್ನೆ ವಿಶಾಲಾ ಹೊಸ ಡಬ್ಬಿ ತಂದಳು, ಹಸಿರು ಬಣ್ಣದ್ದು. ದಾಕ್ಷಾಯಣಿ ಅದನ್ನು ಬೆಳಕಿಗೆ ಹಿಡಿದು ಒಳಗೆ ಹೊರಗೆ ನೋಡಿ, "ಯಾವ ಅಂಗಡ್ಯಾಗ ತಂದಿ?" ಅಂದಳು.

"ನೀವ ಹೋಗಿ ಕೇಳಕೊಂಡು ಬರ್ರಿ, ವೈನಿ" ಎಂದು ವಿಶಾಲಾ ನಕ್ಕಳು.

ದಾಕ್ಷಾಯಣಿಯೂ ನಕ್ಕಳು. ನಕ್ಕು, ಚಪ್ಪಲಿ ಮೆಟ್ಟಿಕೊಂಡು, ಕೇಳಿಕೊಂಡು ಬರಲು ಹೋದಳು.

ಗಿರಣಿಯ ಗೂಡಿನಲ್ಲಿ ಖಾರದ ಪುಡಿ ಹೊದ್ದುಕೊಂಡು ಕೂತ ನಾನು ಅವಳು ರಸ್ತೆ ದಾಟುವುದನ್ನು ನೋಡುತ್ತಿದ್ದೆ. ಹೋಗಿ ಕೇಳಲಿ. ಈ ಮನೆಯಲ್ಲಿ ಈಗ ಅವಳು ಕೇಳಿದರೆ ಯಾರೂ ಕಣ್ಣು ಕೆಳಗೆ ಹಾಕುವುದಿಲ್ಲ.