ಖಾಲಿ ವಾಪಸ್

“ಎಂಟನೇ ಕ್ಲಾಸಲ್ಲಿ ಮೇಷ್ಟ್ರು ಕತ್ತು ಹಿಡಿದು ಹೊರಗೆ ಹಾಕಿದ ನಾಯಿ ಇದು. ಪಾಪ ಅಂತ ತಂದು ಬಾಗಿಲಲ್ಲಿ ಕಟ್ಟಿಕೊಂಡೆ. ಈಗ ನೋಡ್ರಪ್ಪ, ಊರಿಗೆಲ್ಲ ಧರ್ಮ ಮಾಡಕ್ಕೆ ಹೊರಟಿದೆ.”

ಹೇಳಿದವನು ನನ್ನ ಬಾವ, ಅಕ್ಕನ ಗಂಡ. ಜಾಗ ಆಸ್ಪತ್ರೆಯ ಗೇಟಿನೆದುರಿನ ಆಂಬುಲೆನ್ಸ್ ಸ್ಟ್ಯಾಂಡು, ಅಲ್ಲಿ ಅವನದೇ ಯಜಮಾನಿಕೆ. ಡ್ರೈವರುಗಳೆಲ್ಲ ಟೀ ಲೋಟ ಹಿಡಿದು ನಿಂತಿದ್ದ ಹೊತ್ತು. ಹೇಳಿದ್ದು ಸಾಲದೆಂದು ನನ್ನ ಗಾಡಿಯ ಬಾಗಿಲಿಗೆ ಉಗಿದ. ಎಂಜಲು ನಾನು ಪೇಂಟಿನಲ್ಲಿ ಬರೆಸಿದ್ದ ಸಾಲಿನ ಮೇಲೇ ಬಿತ್ತು: ‘ಯಾರಿಗಾದರೂ ಒಂದೇ ಬಾಡಿಗೆ.’ ಅದರ ಕೆಳಗೆ ಎಲ್ಲಿಗೆ ಎಷ್ಟು ಅನ್ನುವ ದರ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಚಿನ್ನದಹಲ್ಲು ಅಂತ ನಾವು ಕರೆಯುವ ಡ್ರೈವರು. ಬಾವನ ಹತ್ತಿರ ನಾನು ಬಿಟ್ಟ ಕೆಲಸ ಈಗ ಅವನದು, ನಗಲೇಬೇಕು.

ನನ್ನ ಗಾಡಿಯೊಳಗೆ ಒಬ್ಬ ಅಜ್ಜಿ ಕೂತಿದ್ದಳು. ಡಯಾಲಿಸಿಸ್‌ಗೆ ಬರುವವಳು, ಖಾಯಂ ಗಿರಾಕಿ. ಕಿಟಕಿಯಿಂದ ತಲೆ ಹೊರಹಾಕಿ, “ಏನಪ್ಪ, ಬಾಯಲ್ಲಿ ಅಷ್ಟೊಂದು ನೀರಿದ್ರೆ ಗಾಡೀನ ಪೂರ್ತಿ ತೊಳೆದುಕೊಡು, ಪುಣ್ಯ ಬರುತ್ತೆ” ಅಂದಳು. ಯಾರೋ ಕಿಸಕ್ಕೆಂದರು. ಬಾವನ ಮುಖ ಕಪ್ಪಿಟ್ಟಿತು.

ನಾನು ಹಲ್ಲು ಕಚ್ಚಿಕೊಂಡು ಅಜ್ಜಿಯನ್ನು ಇಳಿಸಿ ಒಳಗೆ ಬಿಟ್ಟು ಬಂದೆ. ಸಿಟ್ಟು ನನಗೆ ಹುಟ್ಟುಮಚ್ಚೆ ಇದ್ದ ಹಾಗೆ, ಅಂಗಿ ಹಾಕಿ ಮುಚ್ಚಬಹುದು, ಅಳಿಸಲು ಆಗುವುದಿಲ್ಲ.

ಆ ಸ್ಟ್ಯಾಂಡಿನಲ್ಲಿ ಬಾಡಿಗೆಯನ್ನು ಯಾರೂ ಎಂದೂ ಬರೆದವರಲ್ಲ. ಬಾಡಿಗೆ ಹೇಳುವುದೇ ನನ್ನ ಕೆಲಸವಾಗಿತ್ತು, ಅದಕ್ಕೇ ಗೊತ್ತು. ರೋಗಿಯ ಕಡೆಯವರು ಗೇಟು ದಾಟಿ ಬರುತ್ತಿದ್ದಂತೆ ಮೊದಲು ಚಪ್ಪಲಿ ನೋಡಬೇಕು. ಆಮೇಲೆ ಫೋನು. ಆಮೇಲೆ ಅಳುತ್ತಿರುವವರು ಯಾರು ಅಂತ. ದುಡ್ಡಿನ ಚೀಲ ಹಿಡಿದವರೇ ಅಳುತ್ತಿದ್ದರೆ ದರ ಇಳಿಸಬಾರದು. ಬಾವ ಕಲಿಸಿದ ವಿದ್ಯೆ ಇದು. ಯಾವ ಮೇಷ್ಟ್ರೂ ನನಗೆ ಇಷ್ಟು ಚೆನ್ನಾಗಿ ಏನನ್ನೂ ಕಲಿಸಿರಲಿಲ್ಲ.

ಆದರೆ ವ್ಯಾಪಾರ ಕಲಿತವನಿಗೆ ನಷ್ಟವೂ ಕಣ್ಣಿಗೆ ಬೀಳುತ್ತದೆ. ನಮ್ಮ ಗಾಡಿಗಳು ರೋಗಿಯನ್ನು ಸೇತುವೆಯಾಚೆಯ ದೊಡ್ಡ ಆಸ್ಪತ್ರೆಗೆ ಬಿಟ್ಟು ಖಾಲಿ ವಾಪಸ್ ಬರುತ್ತಿದ್ದವು. ಆ ಖಾಲಿ ದಾರಿಯ ಬಾಡಿಗೆಯನ್ನೂ ರೋಗಿಯ ತಲೆಗೇ ಕಟ್ಟುತ್ತಿದ್ದೆವು. ಅದೇ ಹೊತ್ತಿಗೆ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಹೊಲಿಗೆ ಇನ್ನೂ ಒಣಗದ ಜನ ಊರಿಗೆ ಹೋಗಲು ಬಸ್ಸಿನ ಕಂಬಿಗೆ ಜೋತುಬೀಳುತ್ತಿದ್ದರು. ಒಂದು ಕಡೆ ಖಾಲಿ ಗಾಡಿ, ಅದರ ಪಕ್ಕದಲ್ಲೇ ಗಾಡಿಯಿಲ್ಲದ ಜನ. ಇಷ್ಟು ಕಾಣಲು ಒಂಬತ್ತನೇ ಕ್ಲಾಸು ಪಾಸಾಗಬೇಕಿಲ್ಲ.

ಬೇಕರಿಯವನೊಬ್ಬ ಮಾರಿದ ಹಳೇ ಬ್ರೆಡ್ ವ್ಯಾನು ಕೊಂಡೆ. ಸ್ಟ್ರೆಚರ್, ಆಕ್ಸಿಜನ್ ಸಿಲಿಂಡರ್ ಕೂರಿಸಿದೆ. ದೊಡ್ಡ ಆಸ್ಪತ್ರೆಯ ವಾರ್ಡಿನ ಸಿಸ್ಟರ್ ಮನೆಗೆ ಹೊರಟವರು ಯಾರು ಯಾರು ಅಂತ ಫೋನಿನಲ್ಲಿ ಹೇಳುತ್ತಿದ್ದಳು. ಹೋಗುವಾಗಲೂ ತುಂಬು, ಬರುವಾಗಲೂ ತುಂಬು. ಬಾಡಿಗೆ ಅರ್ಧಕ್ಕಿಳಿಯಿತು, ನನ್ನ ಹೊಟ್ಟೆಯೂ ತುಂಬಿತು. ಇದು ಧರ್ಮವಲ್ಲ. ಧರ್ಮಕ್ಕೆ ಓಡಿಸಿದ ಗಾಡಿ ಮಳೆಗಾಲ ಮುಗಿಯುವುದರೊಳಗೆ ಗುಜರಿ ಸೇರುತ್ತದೆ, ಆಮೇಲೆ ಬಡವ ಯಾರ ಗಾಡಿ ಹತ್ತಬೇಕು?

ಸ್ಟ್ಯಾಂಡಿನ ಕಾನೂನು ಬೇರೆ. ಅಲ್ಲಿ ಪಾಲಿ ಅಂತ ಇದೆ. ಸಾಲಿನಲ್ಲಿ ಮೊದಲು ನಿಂತ ಗಾಡಿಗೇ ಮೊದಲ ರೋಗಿ. ಆ ಡ್ರೈವರ್ ಊಟಕ್ಕೆ ಹೋಗಿದ್ದರೂ ರೋಗಿ ಕಾಯಬೇಕು. ಪಾಲಿ ಮುರಿದವನ ಗಾಡಿಯ ಚಕ್ರಗಳಿಂದ ವಾಲ್ವ್ ಪಿನ್ ಕಿತ್ತು ಗಾಳಿ ಬಿಡುತ್ತಾರೆ, ಆಮೇಲೆ ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ಒಂದೊಂದು ಒದೆ ಕೊಡುತ್ತಾರೆ. ಯಾರೂ ಬಾಕಿ ಉಳಿಸುವಂತಿಲ್ಲ.

ನಾನು ಅಜ್ಜಿಯನ್ನು ಬಿಟ್ಟು ಬರುವಷ್ಟರಲ್ಲಿ ಒಬ್ಬ ಹೆಂಗಸು ಗೇಟಿನಿಂದ ಓಡಿಬಂದಳು. ಮೊಣಕೈವರೆಗೂ ಸಿಮೆಂಟು ಮೆತ್ತಿಕೊಂಡು ಒಣಗುತ್ತಿತ್ತು. ಹಿಂದೆ ಸ್ಟ್ರೆಚರಿನಲ್ಲಿ ಅವಳ ಗಂಡ. ಗಾರೆ ಕೆಲಸದವನು, ಸಾರುವೆಯಿಂದ ಬಿದ್ದವನು. ತಲೆಗೆ ಸುತ್ತಿದ ಬಟ್ಟೆ ನೆನೆದು ತೊಟ್ಟಿಕ್ಕುತ್ತಿತ್ತು.

“ತಲೆ ಆಪರೇಷನ್ ಇಲ್ಲಿ ಆಗಲ್ವಂತೆ. ಸೇತುವೆ ಆಚೆ ಬೇಗ ತಲುಪಿಸಿದ್ರೆ ಉಳೀತಾನೆ ಅಂದ್ರು.”

ಪಾಲಿ ಚಿನ್ನದಹಲ್ಲಿನದು. ಅವನು ಅಭ್ಯಾಸದಂತೆ ಅವಳ ಚಪ್ಪಲಿ ನೋಡಿದ. ಅವಳ ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ.

“ಡ್ರೈವರ್ ಊಟಕ್ಕೆ ಹೋಗಿದಾನೆ. ಕಾಯಮ್ಮ” ಅಂದ. ಆ ಗಾಡಿಯ ಡ್ರೈವರ್ ಅವನೇ.

“ನನ್ನ ಗಾಡಿಗೆ ಹತ್ತಿಸಿ” ಅಂದೆ.

ವಾರ್ಡ್‌ಬಾಯ್‌ಗಳು ಹತ್ತಿಸಿದರು. ಮೂಗಿಗೆ ಆಕ್ಸಿಜನ್ ಕೊಟ್ಟು, ಬಾಗಿಲು ಹಾಕಿ, ಸ್ಟಿಯರಿಂಗ್ ಹಿಡಿಯುವುದಕ್ಕೂ ಟೀ ಅಂಗಡಿಯ ಕೆಟಲ್ ನನ್ನ ಕಿವಿಗೆ ಬಡಿಯುವುದಕ್ಕೂ ಸರಿಹೋಯಿತು. ಕಿವಿಯೊಳಗೆ ಗಂಟೆ ಹೊಡೆದಂತಾಯಿತು. ಬಿಸಿ ಟೀ ಕತ್ತಿನಗುಂಟ ಇಳಿಯಿತು. ಕಾಲರ್ ಹಿಡಿದು ಕೆಳಗೆಳೆದರು. ಮೊದಲ ಒದೆ ಪಕ್ಕೆಗೆ, ಎರಡನೆಯದು ಬಾಯಿಗೆ, ಆಮೇಲಿನವು ಎಲ್ಲೆಲ್ಲಿಗೋ. ಆ ಸದ್ದಿನ ನಡುವೆಯೂ ಇನ್ನೊಂದು ಸದ್ದು ಕೇಳಿಸಿತು: ನನ್ನ ಗಾಡಿಯ ಚಕ್ರಗಳು ಒಂದೊಂದಾಗಿ ಉಸಿರು ಬಿಡುತ್ತಿದ್ದವು.

ತೆವಳಿ ಸೀಟಿನ ಕೆಳಗಿನ, ಚಕ್ರ ಬಿಚ್ಚುವ ಕಬ್ಬಿಣದ ಪಾನಾ ಎಳೆದುಕೊಂಡೆ. ಮೊದಲು ಸಿಕ್ಕಿದ್ದು ಚಿನ್ನದಹಲ್ಲಿನ ಮಣಿಕಟ್ಟು. ಹಸಿ ಕಡ್ಡಿ ಮುರಿದ ಸದ್ದು. ಅವನು ಬಗ್ಗಿದ. ಬಗ್ಗಿದ ಮುಖಕ್ಕೆ ಇನ್ನೊಂದು ಬಿಟ್ಟೆ. ಹಲ್ಲು ಚರಂಡಿಗೆ ಹಾರಿತು, ಅವತ್ತಿನಿಂದ ಅವನು ಬರೀ ಹೆಸರಿಗೆ ಚಿನ್ನ. ಉಳಿದವರು ಹಿಂದೆ ಸರಿದರು. ಬಾವ ಸರಿಯಲಿಲ್ಲ. ಏಳಲೆಂದು ನೆಲಕ್ಕೂರಿದ ನನ್ನ ಬಲಗೈ ಮೇಲೆ ಬೂಟುಗಾಲಿಟ್ಟು, ಸಿಗರೇಟು ಹೊಸಕುವಂತೆ ಹೊಸಕಿದ. ಬೆರಳುಗಳು ಹೋದದ್ದು ಗೊತ್ತಾಯಿತು. ಎಡಗಾಲಿನಿಂದ ಅವನ ಮೊಣಕಾಲಿಗೆ ಒದ್ದೆ. ಬಿದ್ದ. ಅವನ ಎದೆಯ ಮೇಲೆ ಕೂತು ಎಡಗೈಯಲ್ಲಿ ಪಾನಾ ಎತ್ತಿದೆ.

ಅವನ ತಲೆ ನನ್ನ ಕೆಳಗಿತ್ತು. ಒಂದೇ ಏಟಿನ ಕೆಲಸ. ಆಸೆಯಾಗಲಿಲ್ಲ ಅಂದರೆ ಸುಳ್ಳು.

“ಹೊಡಿ” ಅಂದ ಬಾವ, ಬಾಯಲ್ಲಿ ಮಣ್ಣಿಟ್ಟುಕೊಂಡೇ. “ಹೊಡೆದು ಒಳಗೆ ಹೋಗು. ನಿನ್ನ ಬ್ರೆಡ್ ಗಾಡಿ ಇಲ್ಲೇ ಬೂಷ್ಟು ಹಿಡೀಲಿ.”

ಗಾಡಿಯೊಳಗಿನಿಂದ ಆ ಹೆಂಗಸು ಕೇಳಿದಳು. ಕಿರುಚಲಿಲ್ಲ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಎಷ್ಟೊತ್ತಿಗೆ ಅಂತ ಕೇಳುವವಳ ಹಾಗೆ ಕೇಳಿದಳು:

“ಅಣ್ಣ, ಇದು ಮುಗಿಯಕ್ಕೆ ಎಷ್ಟೊತ್ತಾಗುತ್ತೆ?”

ಪಾನಾ ಕೆಳಗಿಳಿಯಿತು. ಎದ್ದು ನಿಂತೆ. ನನ್ನ ಚಕ್ರಗಳು ನೆಲಕ್ಕಂಟಿದ್ದವು. ಸಾಲಿನಲ್ಲಿ ಚಿನ್ನದಹಲ್ಲಿನ ಹಿಂದಿನ ಗಾಡಿ ಮೂಗನದು. ಮೂಗನಿಗೆ ಮಾತು ಬರುತ್ತದೆ, ಖರ್ಚು ಮಾಡುವುದಿಲ್ಲ. ಅವನು ಒದೆಯಲು ಬಂದಿರಲಿಲ್ಲ, ತಡೆಯಲೂ ಬಂದಿರಲಿಲ್ಲ. ಅವನ ಮುಂದೆ ಹೋಗಿ ನಿಂತೆ.

“ಮೂಗಣ್ಣ, ನಿನ್ನ ಗಾಡಿಗೆ ಹಾಕ್ಕೊ. ಬಾಡಿಗೆ ನನ್ನ ಬಾಗಿಲ ಮೇಲೆ ಬರೆದಿರೋದು.”

“ಅಷ್ಟಕ್ಕೆ ಡೀಸೆಲ್ ಗಿಟ್ಟಲ್ಲ.”

“ಖಾಲಿ ವಾಪಸ್ ಬಂದ್ರೆ ಗಿಟ್ಟಲ್ಲ. ಅಲ್ಲಿ ಮೂವರು ಕಾಯ್ತಾ ಕೂತಿದಾರೆ, ನನ್ನ ಗಿರಾಕಿಗಳು. ಮೂವರೂ ನಿನಗೆ.”

ಮೂಗ ಕಣ್ಣು ಕಿರಿದು ಮಾಡಿದ. “ಇವತ್ತಿಗೆ ಮಾತ್ರಾನಾ?”

“ನಿನ್ನ ಗಾಡಿ ಬಾಗಿಲಿಗೂ ಬಾಡಿಗೆ ಬರೆಸು. ದಿನಾ ಕೊಡ್ತೀನಿ.”

ಹಲ್ಲು ಅಲುಗಾಡುತ್ತಿದ್ದ ಬಾಯಲ್ಲಿ ಚೌಕಾಸಿ. ನಾನು ಊರೆಲ್ಲ ತಿರುಗಿ, ಸಿಸ್ಟರಿನ ಕಾಲು ಹಿಡಿದು ಕಟ್ಟಿಕೊಂಡ ಗಿರಾಕಿಗಳನ್ನು ಎದುರಾಳಿಯ ಕೈಗೆ ಇಡುತ್ತಿದ್ದೆ. ನೋವು ಬೆರಳಿಗಿಂತ ಅಲ್ಲಿ ಹೆಚ್ಚಾಯಿತು.

ಬಾವ ಮೊಣಕೈ ಊರಿ ಎದ್ದು ಕೂತ. “ಮೂಗ, ಪಾಲಿ ಮುರಿದ್ರೆ ಏನಾಗುತ್ತೆ ಗೊತ್ತಲ್ಲ?”

“ಗೊತ್ತು. ಒದೆಯೋರು ಯಾರು ಈಗ? ಅವನು ಕೈ ಮುರ್ಕೊಂಡಿದಾನೆ. ನೀನು ಕೂತಿದೀಯ.”

ಮೂಗ ಅಷ್ಟುದ್ದ ಮಾತಾಡಿದ್ದನ್ನು ಸ್ಟ್ಯಾಂಡು ಅದೇ ಮೊದಲು ಕೇಳಿದ್ದು. ಅವನು ಹೋಗಿ ಹಿಂದಿನ ಬಾಗಿಲು ತೆಗೆದ. ಸ್ಟ್ರೆಚರಿನ ಒಂದು ತುದಿ ಅವನು, ಇನ್ನೊಂದು ತುದಿ ನಾನು, ಎಡಗೈ ಮತ್ತು ಬಲ ಮೊಣಕೈಯಲ್ಲಿ. ಗಾರೆಯವನ ರಕ್ತ ನನ್ನ ಅಂಗಿಗೆ, ನನ್ನದು ಅವನ ಹೊದಿಕೆಗೆ. ಸಿಲಿಂಡರನ್ನು ಆ ಹೆಂಗಸೇ ಕೂಸಿನಂತೆ ಎತ್ತಿಕೊಂಡಳು. ಸೈರನ್ ಕೂಗುತ್ತ ಗಾಡಿ ತಿರುವಿನಲ್ಲಿ ಮರೆಯಾಯಿತು.

ಗಾಳಿಯಿಲ್ಲದ ಗಾಡಿಯ ಮೆಟ್ಟಿಲ ಮೇಲೆ ಕೂತೆ. ಒಳಗೆ ಹೋಗಿ ಕೈ ತೋರಿಸು ಅಂತ ಯಾರೋ ಅಂದರು. ಹೋಗಲಿಲ್ಲ. ಆ ಮನುಷ್ಯ ಸೇತುವೆಯ ಮೇಲೇ ಸತ್ತರೆ ನಾನು ಕಟ್ಟಿದ್ದೆಲ್ಲ ಬರೀ ಗೋಡೆಬರಹ. ಫೋನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಇದ್ದೆ. ನೆರಳು ಗೇಟಿನಿಂದ ಟೀ ಅಂಗಡಿಯವರೆಗೆ ಚಾಚಿಕೊಂಡಿತು. ಚಿನ್ನದಹಲ್ಲನ್ನು ಹೊಲಿಗೆಗೆ ಕರೆದುಕೊಂಡು ಹೋದರು. ಅವನ ಗಾಡಿ ಪಾಲಿಯಲ್ಲಿ ಮೊದಲು ನಿಂತೇ ಇತ್ತು, ಡ್ರೈವರಿಲ್ಲದೆ.

ಫೋನು ಬಂತು. ಮೂಗ.

“ಆಪರೇಷನ್‌ಗೆ ಈಗ ಒಳಗೆ ತಗೊಂಡ್ರು. ಉಸಿರಿದೆ. ನಿನ್ನ ಮೂವರು ಯಾವ ಬಾಗಿಲಲ್ಲಿ?”

ಹೇಳಿದೆ. ಸುತ್ತ ನಿಂತವರೆಲ್ಲ ಕಿವಿ ಕೊಟ್ಟಿದ್ದರು. ಆಗ ನನ್ನ ಪಕ್ಕೆಗೆ ಒದ್ದಿದ್ದ ಡ್ರೈವರೊಬ್ಬ ಹತ್ತಿರ ಬಂದು, ನನ್ನ ಮುಖ ನೋಡದೆ ಗಾಡಿಯ ಬಾಗಿಲು ನೋಡುತ್ತ, “ಈ ಅಕ್ಷರ ಬರೆದೋನು ಯಾರು? ಚೆನ್ನಾಗಿ ಬರೆದಿದಾನೆ” ಅಂದ. ಅಂಗಿಯ ತುದಿಯಿಂದ ಬಾವನ ಎಂಜಲು ಒರೆಸಿದ.

ಅದನ್ನು ನೋಡಿ ಬಾವ ಕುಂಟುತ್ತ ಬಂದ. ಮೊದಲು ನಿಂತು ಉಗಿದಿದ್ದ ಜಾಗದಲ್ಲೇ ನಿಂತ, ಅದೇ ಜನರ ಮುಂದೆ. ದನಿ ಮಾತ್ರ ಬೇರೆಯಾಗಿತ್ತು.

“ಉಂಡ ಮನೆಗೆ ಎರಡು ಬಗೆದೆಯಲ್ಲೋ. ಸ್ಟ್ಯಾಂಡು ಒಡೆದೆ. ಬಾ, ಮನೆಗೆ ಬಂದು ನಿಮ್ಮಕ್ಕನ ಮುಖ ನೋಡ್ಕೊಂಡು ಹೇಳು. ನಾನು ನಿನಗೆ ಏನು ಕಡಿಮೆ ಮಾಡಿದ್ದೆ?”

ನನ್ನ ಬಾಯಿ ತುಂಬ ರಕ್ತವಿತ್ತು. ಉಗಿಯಲು ಅವನ ಮುಖ ಹತ್ತಿರದಲ್ಲೇ ಇತ್ತು. ನುಂಗಿದೆ. ಮುರಿದ ಕೈಯನ್ನು ಅಂಗಿಯ ಗುಂಡಿಗಳ ನಡುವೆ ತೂರಿಸಿ ಎದ್ದೆ. ಆಸ್ಪತ್ರೆಯ ಬಾಗಿಲಲ್ಲಿ ಅಜ್ಜಿ ಡಯಾಲಿಸಿಸ್ ಮುಗಿಸಿ, ಗೋಡೆ ಹಿಡಿದು ನಿಂತು ನನ್ನ ಗಾಡಿಯನ್ನು ಹುಡುಕುತ್ತಿದ್ದಳು. ಅವಳನ್ನು ಮನೆಗೆ ಬಿಡಲು ಒಂದು ಗಾಡಿ ಗೊತ್ತು ಮಾಡಬೇಕಿತ್ತು.

ಬಾವನ ಪಕ್ಕದಿಂದಲೇ ಹಾದು ಅವಳ ಕಡೆ ನಡೆದೆ.