ಕಂಬಕ್ಕೆ ಬಳಿದ ಹಸಿರು

ಸೇತುವೆಯ ನಡುಗಂಬಕ್ಕೆ ಹಸಿರು ಬಳಿದ ದಿನ ಮರಿವಿಕ್ ಬಾಯಿ ತೆರೆಯದೇ ಇರಲಿಲ್ಲ. ಆದರೆ ಅವಳ ಮಾತು ಗಂಟಲಿನಿಂದ ತುಟಿಗೆ ಬರುವಷ್ಟರಲ್ಲಿ ಅರ್ಧ ಕರಗಿಹೋಗುತ್ತಿತ್ತು.

"ಕಾಪ್, ಆ ಪಟ್ಟಿಗಳು..." ಎಂದಿದ್ದಳು.

ಬಾರಂಗಾಯ್, ಅಂದರೆ ಊರಾಡಳಿತದ ಮುಖ್ಯಸ್ಥ ರೊದಾಂತೆಯನ್ನು ಊರೆಲ್ಲ ಕ್ಯಾಪ್ಟನ್ ಎಂಬುದನ್ನು ಮೊಟಕಿಸಿ ಕಾಪ್ ಎಂದೇ ಕರೆಯುತ್ತಿತ್ತು. ಆತ ನಕ್ಕುಬಿಟ್ಟ. "ಅಯ್ಯೋ ಹುಡುಗಿ, ಫಿಯೆಸ್ತಾಕ್ಕೆ ಮೇಯರ್ ಬರ್ತಾರೆ. ಆ ಹಳೇ ಹಳದಿ-ಗಿಳದಿ ನೋಡಿ ನಗಾಡ್ಬೇಕಾ? ಹಬ್ಬ ಮುಗೀಲಿ, ಮತ್ತೆ ಬಳಿಸೋಣ."

ಅವೇನು ಅಂದಕ್ಕೆ ಬಳಿದ ಪಟ್ಟಿಗಳೇ? ಹಿಂದಿನ ನೆರೆಯಲ್ಲಿ ಕೆಳಕೇರಿ ಕೊಚ್ಚಿಹೋದ ಮೇಲೆ ಆಗಿನವರು ಬಳಿಸಿದ್ದವು. ನೀರು ಹಳದಿ ಮುಟ್ಟಿದರೆ ಗಂಟುಮೂಟೆ ಕಟ್ಟಬೇಕು, ಕಿತ್ತಳೆ ಮುಟ್ಟಿದರೆ ಹೊರಡಬೇಕು, ಕೆಂಪು ಮುಟ್ಟುವ ಹೊತ್ತಿಗೆ ಕೇರಿಯಲ್ಲಿ ನಾಯಿಯೂ ಇರಕೂಡದು. ವರ್ಷವರ್ಷ ಇದರ ತಾಲೀಮು ನಡೆಯುತ್ತಿತ್ತು. ಮರಿವಿಕ್ ಲೋಲಾ ಎಂದು ಕರೆಯುವ ಅಜ್ಜಿ ಪಾಸಿಂಗ್, ಹಂದಿಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಎಲ್ಲರಿಗಿಂತ ಮುಂದೆ ಇರುತ್ತಿದ್ದಳು. ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ; ಕಂಬ ಹೇಳುತ್ತಿತ್ತು, ಜನ ಕೇಳುತ್ತಿದ್ದರು. ಈಗ ಆ ಕಂಬ ಬುಡದಿಂದ ತುದಿಯವರೆಗೆ ಕಾಪ್‌ನ ಚುನಾವಣೆಯ ಬಣ್ಣ ಹೊದ್ದು, ಬಿಳಿ ಅಕ್ಷರಗಳಲ್ಲಿ ಅವನ ಹೆಸರು ಹೊತ್ತು ನಿಂತಿತ್ತು.

ಹಬ್ಬದ ಬೆಳಿಗ್ಗೆ ಊರಲ್ಲಿ ಬರೀ ತುಂತುರು. ಮಳೆಯೆಲ್ಲ ಬೆಟ್ಟದ ಮೇಲೆ ಹೊಡೆಯುತ್ತಿತ್ತು. ಹೊಳೆಯ ನೀರು ಮಣ್ಣು ಕಲೆತು ಕೆಂಪಗೆ ತಿರುಗಿದ್ದನ್ನು ಕಂಡ ಮರಿವಿಕ್ ಬಾಸ್ಕೆಟ್‌ಬಾಲ್ ಅಂಗಳಕ್ಕೆ ಓಡಿದಳು. ನೆರೆ ಬಂದರೆ ಜನಕ್ಕೆ ಆಸರೆಯಾಗಲೆಂದೇ ಅದಕ್ಕೆ ಸೂರು ಹಾಕಿಸಿದ್ದು. ಅಲ್ಲೀಗ ಹಬ್ಬದ ರಾಣಿಗೆ ಕಿರೀಟ ತೊಡಿಸುವ ವೇದಿಕೆ ಎದ್ದಿತ್ತು.

"ಕಾಪ್, ಕೆಳಕೇರಿಯವರನ್ನ ಇಲ್ಲಿಗೆ..."

"ಮೇಲಿಂದ ಇನ್ನೂ ಆರ್ಡರ್ ಬಂದಿಲ್ಲ. ಆ ಕೆಸರುಗಾಲುಗಳನ್ನ ಇಲ್ಲಿ ತುಂಬ್ಸಿದ್ರೆ ರಾಣಿಯರನ್ನ ಎಲ್ಲಿ ನಡೆಸ್ಲಿ? ನಿನ್ನ ತಲೆ ಮೇಲಾ?"

ಮೈಕು ಜೋಡಿಸುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮರಿವಿಕ್‌ಳ ಕಿವಿ ಬಿಸಿಯಾಯಿತು. ತಿರುಗಿ ನೇರ ಅಜ್ಜಿಯ ಮನೆಗೆ ಹೋದಳು.

ಲೋಲಾ ಬಾಳೆಲೆಯಲ್ಲಿ ಅಂಟಕ್ಕಿಯ ಸುಮಾನ್ ಕಡುಬು ಸುತ್ತುತ್ತ ಕೂತಿದ್ದಳು.

"ಏಳು ಲೋಲಾ, ಹೋಗೋಣ."

"ಹೋಗೋದೆಲ್ಲಿಗೆ? ಕಂಬ ನೋಡಿದ್ಯಾ? ಹಸಿರು! ಹಸಿರು ಅಂದ್ರೆ ಏನೂ ಭಯ ಇಲ್ಲ ಅಂತ. ಪಟ್ಟಣದಲ್ಲಿ ಸಿಗ್ನಲ್ ದೀಪ ನಾನೂ ನೋಡಿದೀನಿ ಕಣೇ."

"ಅದು ಕಾಪ್ ಬಣ್ಣ, ಲೋಲಾ!"

"ಅವ್ನೇ ತಾನೆ ಬಳಿಸಿದ್ದು? ಭಯ ಇದ್ದಿದ್ರೆ ಬಳಿಸ್ತಿದ್ನಾ? ಇಡೀ ಕೇರಿಗೇ ಗೊತ್ತು, ನಿನ್ಗೊಬ್ಳಿಗೆ ಗೊತ್ತಿಲ್ಲ. ಡಿಗ್ರಿ ಬೇರೆ ಮಾಡಿದಾಳೆ!"

ಮರಿವಿಕ್ ಬಾಗಿಲಿಗೆ ಬಂದು ಕೇರಿಯತ್ತ ನೋಡಿದಳು. ಅಕ್ಕಪಕ್ಕದ ಮನೆಗಳಲ್ಲೂ ಹಬ್ಬದಡುಗೆಯ ಹೊಗೆ ಏಳುತ್ತಿತ್ತು. ಅಳಿಸಿದ್ದಷ್ಟೇ ಅಲ್ಲ, ಕಂಬದ ಬಾಯಲ್ಲಿ ಸುಳ್ಳನ್ನೂ ಆಡಿಸಿದ್ದ ಮಹಾನುಭಾವ!

ಸೇತುವೆಗೆ ಓಡಿ, ಕಟಕಟೆಯ ಮೇಲಿಂದ ಬಗ್ಗಿ ನೋಡಿದಳು. ಅಗ್ಗದ ಬಣ್ಣ ಹೊಳೆಯ ಏಟಿಗೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಹಸಿರಿನ ಒಂದು ಹಕ್ಕಳೆ ಕಳಚಿ ತೇಲಿಹೋಯಿತು. ಅದರಡಿ, ನೀರಿನಂಚಿಗೆ ಸರಿಯಾಗಿ, ಕಿತ್ತಳೆ ಇಣುಕಿತು. ಹಳದಿ ಆಗಲೇ ಮುಳುಗಿತ್ತು.

ಅಂಗಳಕ್ಕೆ ಹೇಗೆ ಬಂದಳೋ ಅವಳಿಗೇ ತಿಳಿಯದು. ವೇದಿಕೆಯ ಮೇಲೆ ಒಬ್ಬ "ಹಲೋ, ಹಲೋ" ಎನ್ನುತ್ತಿದ್ದ. ಅವನ ಕೈಯಿಂದ ಮೈಕು ಕಿತ್ತುಕೊಂಡಳು. ಮೇಯರ್ ಭಾಷಣ ಎಲ್ಲರಿಗೂ ಕೇಳಲೆಂದು ಕೆಳಕೇರಿಯವರೆಗೂ ಕೊಳವೆ ಸ್ಪೀಕರ್ ಕಟ್ಟಿಸಿದ್ದರಲ್ಲ, ಅದೊಂದೇ ಪುಣ್ಯ.

"ಹಸಿರು ಸುಳ್ಳು!" ತನ್ನದೇ ದನಿ ಊರಗಲ ಮೊಳಗಿದ್ದು ಕೇಳಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. "ಹಸಿರಿನ ಕೆಳಗೆ ಕಿತ್ತಳೆ ಇದೆ, ನೀರು ಕಿತ್ತಳೆ ಮುಟ್ಟಿದೆ! ತಾಲೀಮಿನ ಹಾಗೇ ಬನ್ನಿ. ಲೋಲಾ, ಸುಮಾನ್ ಬಿಡು, ಹಂದಿಮರಿ ಎತ್ಕೋ!"

"ಏಯ್, ಕರೆಂಟ್ ತೆಗೀರೋ!" ಎಂದು ಕಾಪ್ ಅರಚಿದ. ಯಾರೂ ತೆಗೆಯಲಿಲ್ಲ. ಮೈಕಿನವನ ತಾಯಿಯೂ ಕೆಳಕೇರಿಯವಳೇ. ಅವನು ಆಗಲೇ ಕೇರಿಯತ್ತ ಓಡುತ್ತಿದ್ದ.

ಕೆಸರುಗಾಲುಗಳು ಬಂದವು. ಹಂದಿ, ಹುಂಜ, ಹಾಸಿಗೆ, ಬೆಂದೂ ಬೇಯದ ಅನ್ನದ ಪಾತ್ರೆ. ರಾಣಿಯ ಸಿಂಹಾಸನದಲ್ಲಿ ಒಬ್ಬ ಬಾಣಂತಿ ಕೂತಳು. ಮಧ್ಯಾಹ್ನದೊಳಗೆ ಹೊಳೆ ಲೋಲಾಳ ಮನೆಯ ಸೂರಿನ ಮೇಲೆ ಹರಿಯುತ್ತಿತ್ತು.

ಸಂಜೆ ಮೇಯರ್ ಬಂದರು, ಜೊತೆಗೆ ಕ್ಯಾಮೆರಾ. ಕಾಪ್ ಅಷ್ಟರಲ್ಲಿ ರಕ್ಷಣಾ ತಂಡದವರ ಅಂಗಿ ತೊಟ್ಟಿದ್ದ. "ನಮ್ಮ ಮುಂಜಾಗ್ರತೆಯಿಂದ ಒಂದೂ ಸಾವಿಲ್ಲ," ಎಂದು ಹೇಳುತ್ತ, ತನ್ನ ಮುಖ ಅಚ್ಚಾದ ಅಕ್ಕಿಚೀಲವನ್ನು ಲೋಲಾಳ ಕೈಗಿಟ್ಟ. ನಾಚಿಕೆಯೆಂಬುದು ಅವನ ಹತ್ತಿರವೂ ಸುಳಿದಂತಿರಲಿಲ್ಲ.

ಲೋಲಾ ಚೀಲವನ್ನು ತಿರುಗಿಸಿ ನೋಡಿದಳು. "ಇದ್ರ ಮೇಲೆ ನಿನ್ನ ಮುಖಕ್ಕೆ ಒಳ್ಳೇ ಬಣ್ಣ ಹಾಕ್ಸಿದೀಯ ಕಾಪ್. ಕಂಬಕ್ಕೆ ಮಾತ್ರ ಅಗ್ಗದ್ದು ಬಳಿಸ್ದೆ. ನಮ್ಮ ಪುಣ್ಯ! ಅಲ್ಲೂ ಒಳ್ಳೇದೇ ಬಳಿಸಿದ್ರೆ ಇಷ್ಟ್ಹೊತ್ತಿಗೆ ನಾವೆಲ್ಲ ಸಮುದ್ರ ಸೇರಿರ್ತಿದ್ವಿ."

ಕ್ಯಾಮೆರಾದವನು ಕಿಸಕ್ಕೆಂದ. ಮೇಯರ್ ಛಾವಣಿ ನೋಡಿದರು.

ಹೊಳೆ ಇಳಿದ ಮೇಲೆ ಮರಿವಿಕ್ ದೋಣಿಯಲ್ಲಿ ಕಂಬದ ಬುಡಕ್ಕೆ ಹೋದಳು. ನೀರು ಕೆರೆದಲ್ಲೆಲ್ಲ ಹಳೆಯ ಪಟ್ಟಿಗಳ ಗುರುತು ಕಾಣುತ್ತಿತ್ತು. ಹಳದಿ, ಕಿತ್ತಳೆ ಮುಗಿಸಿ, ಏಣಿ ಹತ್ತಿ ಕುಂಚವನ್ನು ಕೆಂಪಿಗೆ ಅದ್ದಿದಳು. ಕೆಂಪು ಪಟ್ಟಿಯ ಜಾಗ ಸರಿಯಾಗಿ ಕಾಪ್‌ನ ಹೆಸರಿನ ಮೇಲೇ ಬರುತ್ತಿತ್ತು.

"ಏಯ್ ಹುಡುಗಿ! ಯಾರನ್ನ ಕೇಳಿ ಬಳೀತಿದೀಯ?" ಸೇತುವೆಯ ಮೇಲಿಂದ ಕಾಪ್ ಕೂಗಿದ.

ಅವಳ ಕುಂಚ ನಿಲ್ಲಲಿಲ್ಲ. "ನೀವು ಯಾರನ್ನ ಕೇಳಿ ಅಳಿಸಿದ್ರಿ?" ಎಂದಳು, ಮೈಕಿಲ್ಲದೆ.