ಬೇಸಿಗೆಗೊಂದು ಸುಲಭದ ಜಡೆ

ಶಾಲೆಗಳಿಗೆ ಬೇಸಿಗೆ ರಜ ಕೊಟ್ಟ ದಿನ ಗುಂಗುರಮ್ಮ ಮೂಗು ಮುರಿದಳೆಂದರೆ ಮತ್ತೆ ಶಾಲೆ ತೆರೆಯುವವರೆಗೂ ಅದು ನೆಟ್ಟಗಾಗುತ್ತಿರಲಿಲ್ಲ. ಗುಂಗುರಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಗುಂಗುರು ಕೂದಲಿನ ಮಕ್ಕಳಿಗೆಂದೇ ಅಂಗಡಿ ತೆರೆದು ಇಪ್ಪತ್ತೆರಡು ವರ್ಷ ತಲೆ ಬಾಚಿದ್ದಕ್ಕೆ ತಾಯಂದಿರು ಬೆನ್ನ ಹಿಂದೆ ಕೊಟ್ಟ ಬಿರುದು. ಅದು ಆಕೆಯ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹಿಡಿಸಿಯೂ ಇತ್ತು. ಆಕೆಯ ಸ್ವಂತ ಕೂದಲು ಮಾತ್ರ ಕೋಲು ಹಿಡಿದಷ್ಟು ನೇರ. ಅದನ್ನು ಎತ್ತಿ ಆಡುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಬೇಸಿಗೆಯಲ್ಲಿ ಬರುವ ತಾಯಂದಿರೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದರು. ಫೋನಿನಲ್ಲಿ ಒಂದು ಚಿತ್ರ, ಬಾಯಲ್ಲಿ ಒಂದು ಮಾತು: "ಏನಾದ್ರೂ ಸುಲಭದ್ದು ಹಾಕಿಕೊಡಿ, ಸೆಕೆ ಬೇರೆ." ಸುಲಭವಂತೆ! ಒಬ್ಬಳು ಒಣ ಕೂದಲನ್ನೇ ಬ್ರಷ್ಷಿನಿಂದ ಉಜ್ಜಿ ಮಗಳ ತಲೆಯನ್ನು ಹತ್ತಿ ಮೂಟೆ ಮಾಡಿ ತಂದಿದ್ದಳು. ಇನ್ನೊಬ್ಬಳು ಮಗನ ಕೂದಲನ್ನು ಒದ್ದೆ ಇರುವಾಗ ಭುಜಕ್ಕೆ ಸರಿಯಾಗಿ ಕತ್ತರಿಸಿದ್ದಳು; ಒಣಗಿದ ಮೇಲೆ ಅದು ಸುರುಳಿ ಸುತ್ತಿಕೊಂಡು ಕಿವಿಯ ಮೇಲೆ ಹೋಗಿ ಕೂತಾಗ ತಪ್ಪು ಕತ್ತರಿಯದು ಎಂದಿದ್ದಳು. ಇಂಥವರ ಕೈಗೆ ದೇವರು ಮಕ್ಕಳನ್ನಾದರೂ ಯಾಕೆ ಕೊಡುತ್ತಾನೋ ಎಂದು ಗುಂಗುರಮ್ಮ ಗೊಣಗುತ್ತಿದ್ದಳು, ಅವರಿಗೆ ಕೇಳಿಸುವಷ್ಟೇ ಮೆಲ್ಲಗೆ.

ಅದಕ್ಕೇ ಅಂಗಡಿಯಲ್ಲಿ ಒಂದು ಕಾನೂನು. ನಡುವೆ ಒಂದು ಪರದೆ. ಅದರ ಒಳಗೆ ಮಗು, ಕುರ್ಚಿ, ಅಗಲ ಹಲ್ಲಿನ ಬಾಚಣಿಗೆಗಳು, ನೀರು ಚಿಮುಕಿಸುವ ಬಾಟಲಿ ಮತ್ತು ಗುಂಗುರಮ್ಮ. ಹೊರಗೆ ಬೆಂಚು, ಬೆಂಚಿನ ಮೇಲೆ ದೊಡ್ಡವರು, ದೊಡ್ಡವರ ನೆತ್ತಿಯ ಮೇಲೆ ಬೋರ್ಡು: "ಹಿರಿಯರು ಒಳಗೆ ಬರಬಾರದು. ಸಲಹೆ ಕೊಡಬಾರದು." ಬಾಯಿ ತೆರೆದವರನ್ನು ಆಕೆ ಹಾಗೇ ವಾಪಸು ಕಳಿಸಿದ್ದೂ ಉಂಟು. ಅವರು ಮುಂದಿನ ವಾರ ಬಾಯಿ ಮುಚ್ಚಿಕೊಂಡು ಮತ್ತೆ ಬರುತ್ತಿದ್ದರು. ಅದು ಆಕೆಯ ಜಂಬಕ್ಕೆ ತುಪ್ಪ ಸುರಿದಂತಾಗುತ್ತಿತ್ತು.

ಆ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಒಬ್ಬ ಸೈಕಲ್ ರಿಪೇರಿಯವನು ಎಂಟು ವರ್ಷದ ಮಗಳನ್ನು ಕರೆದುಕೊಂಡು ಬಂದ. ಅಂಗಿಯ ತುಂಬ ಗ್ರೀಸು, ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಸೇರಿಸಿ ಸುತ್ತಿದ ಬಟ್ಟೆ. ಗುಂಗುರಮ್ಮ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು, ಅಷ್ಟೇ ಸಾಕೆನಿಸಿತು. ತಾಯಂದಿರೇ ಇಷ್ಟು ಚಂದ, ಇನ್ನು ಅಪ್ಪಂದಿರನ್ನು ಕೇಳಬೇಕೆ?

"ಮೇಡಂ, ಪೂರ್ತಿ ಬೇಡ. ಬರೀ ಹಿಂದೆ..."

"ಬೋರ್ಡ್ ಓದೋಕೆ ಬರುತ್ತೆ ತಾನೆ?"

ಅವನು ತಲೆಯೆತ್ತಿ ಬೋರ್ಡು ಓದಿದ. ಬೆಂಚಿನ ಮೇಲೆ ತಮಗೆ ಕೊಟ್ಟ ಹೊತ್ತಿಗೆ ಮೊದಲೇ ಬಂದ ಇಬ್ಬರು ತಾಯಂದಿರು ಮಕ್ಕಳ ಜೊತೆ ಕೂತಿದ್ದರು. ಟೀವಿ ಸೀರಿಯಲ್ಲು ನೋಡುವಂತೆ ಇಬ್ಬರೂ ಇವನನ್ನೇ ನೋಡುತ್ತಿದ್ದರು. ಗ್ರೀಸು ತಾಗೀತೆಂದು ಒಬ್ಬಳು ಸ್ವಲ್ಪ ಆಚೆ ಸರಿದಳು. ಅವನು ತುದಿಯಲ್ಲಿ ಕೂತ. ಅವನಿಗೆ ಒಂದು ಗಂಟೆಯೊಳಗೆ ಹೊರಡಬೇಕಿತ್ತು ಎಂಬುದು ಯಾರಿಗೂ ಗೊತ್ತಾಗಲಿಲ್ಲ, ಯಾರೂ ಕೇಳಲೂ ಇಲ್ಲ.

ಪರದೆಯ ಒಳಗೆ ಹುಡುಗಿಯ ತಲೆ ನೋಡಿ ಗುಂಗುರಮ್ಮನಿಗೆ ನಗು ತಡೆಯಲಾಗಲಿಲ್ಲ. ಮುಂದಿನಿಂದ ನಡುನೆತ್ತಿಯ ಹಿಂದಿನವರೆಗೆ ಚೌಕ ಚೌಕವಾಗಿ ಬೈತಲೆ ತೆಗೆದು, ಪ್ರತಿ ಚೌಕದ ಕೂದಲನ್ನೂ ಎರಡೆಳೆ ಮಾಡಿ ಹುರಿ ಹೊಸೆದಿತ್ತು. ಒಂದರ ತುದಿಯನ್ನು ಇನ್ನೊಂದರ ಬುಡಕ್ಕೆ ಕಟ್ಟಿತ್ತು. ಕಟ್ಟಿದ್ದು ಯಾವುದರಿಂದ? ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ, ಮೇಲೆ ನೂಲು ಸುತ್ತಿದ ರಬ್ಬರಿನಿಂದ. ಕುತ್ತಿಗೆಯ ಮೇಲಿನ ಕೂದಲು ಮಾತ್ರ ಹಾಗೇ ಬಿಟ್ಟಿತ್ತು.

"ಇದ್ಯಾವ ಪಂಕ್ಚರ್ ಅಂಗಡೀಲಿ ಹಾಕಿಸಿಕೊಂಡೆ ಜಡೆ?"

"ಅಪ್ಪ ಹಾಕಿದ್ದು," ಎಂದಳು ಹುಡುಗಿ. "ಹಿಂದೆ ಮೂರು ಮಾತ್ರ ಬಾಕಿ ಇದೆ. ಅಷ್ಟು ಹಾಕಿ ಸಾಕು."

"ನಿಮ್ಮಪ್ಪ ಸೈಕಲ್ ನೋಡಿಕೊಳ್ಳಲಿ, ತಲೆ ನಾನು ನೋಡಿಕೊಳ್ತೀನಿ. ಸುಮ್ನೆ ಕೂತ್ಕೋ."

"ಆದ್ರೆ ಆಂಟಿ..."

"ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಕಣಮ್ಮ. ನೀನು ಹೇಳಿಕೊಡಬೇಡ."

ಮಗುವಿನ ಮಾತು ಕೇಳುವವಳು ತಾನೊಬ್ಬಳೇ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಹೆಂಗಸು ಇವಳು! ಹುಡುಗಿ ತನ್ನ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಗುಂಗುರಮ್ಮ ಒಂದೊಂದೇ ಹುರಿ ಬಿಚ್ಚಿದಳು. ಹನ್ನೊಂದು ಹುರಿ, ಹನ್ನೊಂದು ರಬ್ಬರು. ಯಾವ ರಬ್ಬರಿಗೂ ಒಂದು ಕೂದಲೂ ಸಿಕ್ಕಿ ಕಿತ್ತು ಬರಲಿಲ್ಲ. ಬುದ್ಧಿ ಇದ್ದವರು ಅಲ್ಲೇ ನಿಲ್ಲುತ್ತಿದ್ದರು. ಗುಂಗುರಮ್ಮ ಮಾತ್ರ ಹುಡುಗಿಯ ಕೂದಲು ಗಟ್ಟಿ ಇದೆ ಎಂದುಕೊಂಡು ರಬ್ಬರುಗಳನ್ನೆಲ್ಲ ಕಸದ ಡಬ್ಬಿಗೆ ಹಾಕಿದಳು. ಆಮೇಲೆ ಬೆರಳಾಡಿಸಿ ಸುರುಳಿಗಳನ್ನು ಎತ್ತಿ, ಮುಖದ ಸುತ್ತ ಅರಳಿಸಿ, ಕಿವಿಯ ಮೇಲೊಂದು ಕ್ಲಿಪ್ಪು ಸಿಕ್ಕಿಸಿ ಕನ್ನಡಿಗೆ ತಿರುಗಿಸಿದಳು. ನೋಡಲು ನಿಜಕ್ಕೂ ಚೆನ್ನಾಗಿತ್ತು. ಆಗ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ.

ಹುಡುಗಿ ಕನ್ನಡಿ ನೋಡಲಿಲ್ಲ. ಬ್ಯಾಗಿನಿಂದ ಈಜುವಾಗ ಹಾಕುವ ಟೋಪಿ ತೆಗೆದಳು.

"ಮೂರು ಗಂಟೆಗೆ ನನಗೆ ಈಜಿನ ರಿಲೇ ಇದೆ, ನಾಲ್ಕು ಜನರದ್ದು. ಇದು ತಲೆ ಮೇಲೆ ಕೂರದಿದ್ರೆ ನೀರಿಗೆ ಬಿಡಲ್ಲ."

"ಕೂರುತ್ತೆ ಬಿಡು," ಎಂದು ಗುಂಗುರಮ್ಮ ಟೋಪಿ ಎಳೆದು ಹಾಕಿದಳು. ಅದು ಅರ್ಧ ತಲೆಗೆ ಬಂದು, ಒಂದು ಕ್ಷಣ ಯೋಚಿಸಿ, ಪುಟಕ್ಕನೆ ಹಾರಿ ವಾಷ್‌ಬೇಸಿನ್ನಿಗೆ ಬಿತ್ತು. ಕೂದಲನ್ನೆಲ್ಲ ಸೇರಿಸಿ ತುರುಬು ಕಟ್ಟಿ ಹಾಕಿದಳು; ನೆತ್ತಿಯ ಮೇಲೆ ತುರುಬು ಬುಗುಟಿನ ಹಾಗೆ ಎದ್ದು ಟೋಪಿ ಮೇಲೇರಿತು. ಎರಡು ಜಡೆ ಹೆಣೆದು ಹಾಕಿದಳು. ಟೋಪಿ ಕಿವಿಯ ಹತ್ತಿರ ಬಾಯಿಬಿಟ್ಟು ಜಾರಿತು. ಇಪ್ಪತ್ತೆರಡು ವರ್ಷದ ವಿದ್ಯೆಯೆಲ್ಲ ನೋಡುವವರ ಕಣ್ಣಿಗಾಗಿ ಕಲಿತದ್ದು. ಟೋಪಿಯ ಅಡಿಯಲ್ಲಿ ಅಡಗಿ ಕೂರುವ ಜಡೆ ಅದರಲ್ಲಿ ಒಂದೂ ಇರಲಿಲ್ಲ.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?" ಎಂದು ಮಗುವಿನ ಮೇಲೇ ಹರಿಹಾಯ್ದಳು.

"ಹೇಳಿದೆ. ನೀವು ಕೇಳಲಿಲ್ಲ." ಹುಡುಗಿ ಜಾರಿದ ಟೋಪಿಯನ್ನು ಕೈಗೆ ತೆಗೆದುಕೊಂಡಳು. "ಹೋದ ವರ್ಷ ನಡುವೆ ಟೋಪಿ ಜಾರಿಹೋಯ್ತು, ಹಿಡಿಯೋಕೆ ನಿಂತುಬಿಟ್ಟೆ. ನನ್ನಿಂದ ನಾಲ್ಕೂ ಜನ ಔಟ್ ಆದ್ವಿ. ಆ ಮೂವರು ನನ್ನ ಹತ್ರ ಎಷ್ಟೋ ದಿನ ಮಾತೇ ಆಡಲಿಲ್ಲ. ಈ ಸಲ ಜಾರದೇ ಇರೋ ಹಾಗೆ ಅಪ್ಪ ಎಷ್ಟು ತಿಂಗಳು ಹಾಕಿ ಬಿಚ್ಚಿ, ಹಾಕಿ ಬಿಚ್ಚಿ ಇದನ್ನ ಕಂಡುಹಿಡಿದ್ರು. ಬೆಳಿಗ್ಗೆ ಹಿಂದಿನ ಮೂರು ಬಾಕಿ ಇರುವಾಗ ಗಿರಾಕಿ ಬಂದ. ಅಪ್ಪನ ಬೆರಳು ಚೈನಿಗೆ ಸಿಕ್ಕಿಬಿಡ್ತು."

ಗುಂಗುರಮ್ಮ ಗಡಿಯಾರ ನೋಡಿದಳು. ಅಂಗಡಿ ತೆರೆದ ಮೇಲೆ ಮೊದಲ ಸಲ ತನ್ನ ಕೈಯಿಂದಲೇ ಪರದೆ ಸರಿಸಿ, "ಸ್ವಲ್ಪ ಒಳಗೆ ಬನ್ನಿ," ಎಂದಳು.

ಅವನು ಬಂದು ಮಗಳ ತಲೆ ನೋಡಿದ, ಗಡಿಯಾರ ನೋಡಿದ. ಬೈಯಲಿಲ್ಲ. ಬೈದಿದ್ದರೆ ಆಕೆಗೆ ಎದುರಾಡಲು ಏನಾದರೂ ಸಿಗುತ್ತಿತ್ತು. ಬೇಸಿನ್ನಿನಲ್ಲಿ ಎಡಗೈ ತೊಳೆದುಕೊಂಡು, "ರಬ್ಬರ್‌ಗಳೆಲ್ಲಿ?" ಎಂದು ಕೇಳಿದ.

ಗುಂಗುರಮ್ಮ ಕಸದ ಡಬ್ಬಿಗೆ ಕೈಹಾಕಿ ಒಂದೊಂದಾಗಿ ಹೆಕ್ಕಿ, ತೊಳೆದು, ಒರೆಸಿ ಕೊಟ್ಟಳು. ಪರದೆ ಅರ್ಧ ತೆರೆದೇ ಇತ್ತು. ಹೊರಗಿನ ಇಬ್ಬರು ತಾಯಂದಿರು ಕತ್ತು ಉದ್ದ ಮಾಡಿ ಕೂತಿದ್ದರು.

"ಬೈತಲೆ ನಾನು ತೆಗೀತೀನಿ. ಎಡಗೈ ಸಾಕು ಅದಕ್ಕೆ," ಎಂದ ಅವನು. "ಹುರಿ ನೀವು ಹೊಸೀರಿ. ಮೊದಲು ಚೆನ್ನಾಗಿ ಒದ್ದೆ ಮಾಡಿ."

ನನಗೆ ಗೊತ್ತು ಎನ್ನುವ ಮಾತು ಆಕೆಯ ನಾಲಿಗೆ ತುದಿಗೆ ಬಂದಿತ್ತು. ಹೊಸೆದಳು, ಕಟ್ಟಿದಳು. ಕನ್ನಡಿಯಲ್ಲಿ ನೋಡುತ್ತಿದ್ದ ಹುಡುಗಿ, "ಹಾಗಲ್ಲ," ಎಂದಳು. ಅಪ್ಪ ಅದನ್ನು ಬಿಚ್ಚಿದ. "ಅಷ್ಟು ಬಿಗಿ ಬೇಡ ಮೇಡಂ, ತಲೆ ನೋಯುತ್ತೆ. ತುದೀನ ಇದರ ಬುಡದ ಕೆಳಗೆ ತೂರಿಸಿ. ಹಾಂ. ಪರವಾಗಿಲ್ಲ, ಮೊದಲ ಸಲ ನನಗೂ ಬರಲಿಲ್ಲ."

ಯಾರಿಂದಲೂ ಇಂಥ ಮಾತು ಕೇಳಿಸಿಕೊಂಡವಳಲ್ಲ ಆಕೆ. ಅದರಲ್ಲೂ ಗ್ರೀಸು ಮೆತ್ತಿದ ಅಂಗಿಯವನು, ಅದರಲ್ಲೂ ಸಮಾಧಾನ ಹೇಳುವ ದನಿಯಲ್ಲಿ! ಮುಖ ಕೆಂಪಗೆ ಮಾಡಿಕೊಂಡು ಎರಡನೆಯದು ಹೊಸೆದಳು. ಐದನೆಯದರ ಹೊತ್ತಿಗೆ ಕೈ ಹದಕ್ಕೆ ಬಂತು. ಏಳನೆಯದರ ಹೊತ್ತಿಗೆ, ಇಷ್ಟು ಚಪ್ಪಟೆ, ಇಷ್ಟು ಹಗುರ, ಇಷ್ಟು ಗಟ್ಟಿ ಜಡೆಯನ್ನು ತಾನು ಜನ್ಮದಲ್ಲಿ ಹಾಕಿಲ್ಲ ಎಂದು ಆಕೆಗೆ ಅರಿವಾಯಿತು. ಅರಿವಾದದ್ದು ಕೈಗೆ, ಬಾಯಿಗೆ ಬರಲಿಲ್ಲ. ಎರಡು ಗಂಟೆಗೆ ಹನ್ನೊಂದು ಮುಗಿಯಿತು, ಎರಡೂ ಇಪ್ಪತ್ತಕ್ಕೆ, ಅವನ ಜೇಬಿನಲ್ಲಿದ್ದ ಉಳಿದ ಮೂರು ರಬ್ಬರು ಹಾಕಿ, ಕುತ್ತಿಗೆಯ ಮೇಲಿನ ಮೂರೂ ಸೇರಿ ಹದಿನಾಲ್ಕು. ಹುಡುಗಿ ಟೋಪಿ ಹಾಕಿಕೊಂಡಳು. ತಲೆಯನ್ನು ಆ ಕಡೆ ಈ ಕಡೆ ಜೋರಾಗಿ ಅಲ್ಲಾಡಿಸಿದಳು, ಬಗ್ಗಿ ನೋಡಿದಳು, ಜಿಗಿದು ನೋಡಿದಳು. ಟೋಪಿ ಕದಲಲಿಲ್ಲ. ತೆಗೆದು ಬ್ಯಾಗಿಗೆ ಹಾಕಿದಳು.

"ಬೇಗ, ಬೇಗ," ಎಂದ ಅಪ್ಪ, ಬ್ಯಾಗು ಹೆಗಲಿಗೇರಿಸುತ್ತ. ಈಜುಕೊಳಕ್ಕೆ ಸೈಕಲ್ಲಿನಲ್ಲಿ ಅರ್ಧ ಗಂಟೆ. ಹುಡುಗಿ ಬಾಗಿಲಲ್ಲಿ ಕೂತು ಶೂ ಹಾಕಿಕೊಳ್ಳತೊಡಗಿದಳು.

ಗುಂಗುರಮ್ಮನಿಗೆ ಏನಾದರೂ ಹೇಳಬೇಕೆನಿಸಿತು. ತಪ್ಪಾಯಿತು ಎಂಬ ಒಂದು ಮಾತು ಗಂಟಲವರೆಗೆ ಬಂದಿತ್ತು ಕೂಡ. ಬದಲಿಗೆ, "ಮುಂದಿನ ವಾರ ಕರ್ಕೊಂಡು ಬನ್ನಿ, ನಾನೇ ಹಾಕಿಕೊಡ್ತೀನಿ," ಎಂದಳು.

"ಬೇಡ ಆಂಟಿ," ಎಂದಳು ಹುಡುಗಿ, ಲೇಸು ಬಿಗಿಯುತ್ತ. "ಅಷ್ಟರಲ್ಲಿ ಅಪ್ಪನ ಬೆರಳು ವಾಸಿಯಾಗಿರುತ್ತೆ."

ಅಷ್ಟು ಹೊತ್ತಿಗೆ ಗ್ರೀಸು ತಾಗೀತೆಂದು ಸರಿದು ಕೂತಿದ್ದ ತಾಯಿ ಮಗಳ ಕೈ ಹಿಡಿದು ಎದ್ದು ಬಂದಳು. ಕಣ್ಣೆಲ್ಲ ಆ ಹುಡುಗಿಯ ತಲೆಯ ಮೇಲೆ. "ಅಯ್ಯೋ, ಎಷ್ಟು ಚೆನ್ನಾಗಿದೆ! ನಮ್ಮವಳಿಗೂ ಇದನ್ನೇ ಹಾಕಿಬಿಡಿ. ಬೇಸಿಗೆಗೆ ಸುಲಭ. ಇದು ನೀವೇ ಕಂಡುಹಿಡಿದಿದ್ದಾ?"

ಇವಳೂ ಒಂದೂಕಾಲು ಗಂಟೆಯಿಂದ ಪರದೆಯ ಸಂದಿಯಲ್ಲಿ ಎಲ್ಲ ನೋಡಿದವಳೇ. ಕಣ್ಣೆದುರು ಕಂಡದ್ದು ಗ್ರೀಸಿನ ಅಂಗಿ, ಹಾಗಾಗಿ ಕಂಡದ್ದನ್ನೇ ನಂಬಲಿಲ್ಲ. ಬೇರೆ ದಿನವಾಗಿದ್ದರೆ ಇಂಥ ದಡ್ಡಿಯನ್ನು ಗುಂಗುರಮ್ಮ ನೋಟದಲ್ಲೇ ಸುಟ್ಟುಬಿಡುತ್ತಿದ್ದಳು. ಇಂದು ಅವಳ ಮುಖ ನೋಡಿದಳು, ಬಾಗಿಲಲ್ಲಿ ನಿಂತವರ ಬೆನ್ನು ನೋಡಿದಳು.

"ಹೂಂ," ಎಂದಳು. "ನಂದೇ."

ಬಾಗಿಲಲ್ಲಿದ್ದ ಇಬ್ಬರಿಗೂ ಅದು ಕೇಳಿಸಿತ್ತು. ಹುಡುಗಿ ತಿರುಗಿ ನೋಡಿದಳು. ಗುಂಗುರಮ್ಮ ಬೈಗುಳಕ್ಕೆ ಕಾದು ನಿಂತಳು. ಈಗ ಅವರು ನಾಲ್ಕು ಜನರೆದುರು ಮಾನ ಹರಾಜು ಹಾಕಿದರೂ ಸರಿ, ಹಾಕಿ ಹೋಗಲಿ ಎನಿಸಿತು. ಆದರೆ ಹುಡುಗಿಯ ಕಣ್ಣು ಆಕೆಯನ್ನು ದಾಟಿ ಗೋಡೆಯ ಗಡಿಯಾರಕ್ಕೆ ಹೋಯಿತು.

"ಅಪ್ಪಾ, ಎರಡೂ ಇಪ್ಪತ್ತೈದು!" ಎಂದು ಕೂಗಿ ಅವಳು ಬೀದಿಗೆ ಓಡಿದಳು. ಅವನೂ ಹಿಂದೆಯೇ ಓಡಿದ.